ಸಾಕುಬೆಕ್ಕಿನ ಅನಪೇಕ್ಷಿತ ವರ್ತನೆಯನ್ನು ಬಹುಮಾನದ ಮೂಲಕ ತಿದ್ದುವ ಕ್ರಮ

(ಸಾರ್ವಜನಿಕರ ಮಾಹಿತಿಗಾಗಿ)

ಪೀಠಿಕೆ

ಸೊರಬ ತಾಲ್ಲೂಕಿನ ಕ್ಯಾಸನೂರು ಅರಣ್ಯದಲ್ಲಿ 1957ರಲ್ಲಿ ಮಂಗಗಳ ಸಾವಿನೊಂದಿಗೆ ಪತ್ತೆಯಾದ ಕಾಯಿಲೆಯು ಆ ಊರಿನ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಮಂಗನ ಕಾಯಿಲೆಯೆಂದು ಕರೆಯಲಾಗುವ ಇದು ಮನುಷ್ಯರಿಗೆ ಮುಖ್ಯವಾಗಿ ಸೋಂಕಿತ ಉಣುಗುಗಳ ಕಡಿತದಿಂದ ಹರಡುತ್ತದೆ. ಕಾಡಂಚಿನ ಮನೆಗಳಲ್ಲಿ ಕಾಟ ಕೊಡುವ ಬೆಕ್ಕನ್ನು ಹೊಡೆದು ಹೊರಗಟ್ಟಿದಲ್ಲಿ ಅದು ಕಾಡು ಅಲೆದು, ಮೈಮೇಲೆ ಉಣುಗುಗಳನ್ನು ಹೊತ್ತು ಮನೆಗೆ ಮರಳುವ ಸಂಭವವಿರುತ್ತದೆ. ಆದುದರಿಂದ ಬೆಕ್ಕನ್ನು ಮನೆಯಲ್ಲಿಯೇ ಇರಿಸಿ ತಿದ್ದುವುದು ಸೂಕ್ತ.

ವಿಧಾನದ ಆಧಾರ

ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಥಾರ್ನ್‌ಡೈಕ್ ಅವರು 1898ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪೆಟ್ಟಿಗೆಯಲ್ಲಿರಿಸಿದ ಬೆಕ್ಕುಗಳು ಅಗುಳಿ ತೆರೆದು ಹೊರಬಂದಾಗ ಆಹಾರ ದೊರೆತುದರಿಂದ, ಪುನಃ ಪುನಃ ಪ್ರಯತ್ನಿಸಿದಂತೆ ಬೇಗನೆ ಹೊರಬರಲು ಕಲಿತವು. ಹಿತಕರ ಫಲ ನೀಡಿದ ವರ್ತನೆಯು ಪುನರಾವರ್ತನೆಯಾಗುತ್ತದೆ. ಇದನ್ನೇ ಧನಾತ್ಮಕ ಪುನರ್ಬಲನ ಎನ್ನಲಾಗುತ್ತದೆ. ಹೊಡೆತವು ಬೆಕ್ಕಿಗೆ ಭಯವನ್ನು ಕಲಿಸುತ್ತದೆಯೇ ಹೊರತು ಮಾಡಬೇಕಾದುದನ್ನು ಕಲಿಸುವುದಿಲ್ಲ.

ಅನುಸರಿಸಬೇಕಾದ ಕ್ರಮಗಳು

1. ಮೊದಲಿಗೆ ಕಾಯಿಲೆ ಇಲ್ಲವೆಂದು ಖಚಿತಪಡಿಸಿಕೊಳ್ಳತಕ್ಕದ್ದು. ಕಂಡಲ್ಲಿ ಮೂತ್ರ ಮಾಡುವುದು ರೋಗದ ಲಕ್ಷಣವಿರಬಹುದು. ಗಂಡುಬೆಕ್ಕು ಮೂತ್ರಕ್ಕಾಗಿ ತಿಣುಕುತ್ತಿದ್ದು ಮೂತ್ರ ಬಾರದಿದ್ದಲ್ಲಿ ಅದು ತುರ್ತು ಸ್ಥಿತಿ. ಕೂಡಲೇ ಪಶುವೈದ್ಯರಲ್ಲಿಗೆ ಒಯ್ಯಬೇಕು.

2. ಪ್ರತಿಯೊಂದು ಅನಪೇಕ್ಷಿತ ವರ್ತನೆಗೂ ಬದಲಿ ಸ್ಥಳ ಒದಗಿಸಬೇಕು. ಒಲೆಕಟ್ಟೆ ಹತ್ತುವ ಬೆಕ್ಕಿಗೆ ಸಮೀಪದಲ್ಲಿ ಎತ್ತರದ ಮಣೆ, ಕುರ್ಚಿ ಪರಚುವ ಬೆಕ್ಕಿಗೆ ಗೋಣಿತಾಟು ಸುತ್ತಿದ ಗಟ್ಟಿ ಕಂಬ, ಮಲಮೂತ್ರಕ್ಕೆ ಊಟದ ಜಾಗದಿಂದ ದೂರವಿರುವ ಮರಳಿನ ತಟ್ಟೆ.

3. ಬೆಕ್ಕು ಬದಲಿ ಸ್ಥಳವನ್ನು ಬಳಸಿದ ಕೆಲವೇ ಕ್ಷಣಗಳೊಳಗೆ ಬೇಯಿಸಿದ ಮೀನಿನ ಅಥವಾ ಕೋಳಿಮಾಂಸದ ಸಣ್ಣ ಚೂರನ್ನು ನೀಡಬೇಕು. ತಡವಾಗಿ ನೀಡಿದ ಬಹುಮಾನದ ಕಾರಣವು ಬೆಕ್ಕಿಗೆ ತಿಳಿಯದು. ಊಟಕ್ಕೆ ಮುಂಚೆ ಅಭ್ಯಾಸ ಮಾಡಿಸುವುದು ಒಳಿತು.

4. ರಾತ್ರಿ ಅಲೆಯುವ ಬೆಕ್ಕನ್ನು ಪ್ರತಿದಿನ ಸಂಜೆ ಒಂದೇ ವೇಳೆಗೆ, ಒಂದೇ ಕರೆಯಿಂದ ಕರೆದು, ಒಳಬಂದ ಕೂಡಲೇ ಊಟ ನೀಡಿ ಬಾಗಿಲು ಮುಚ್ಚಬೇಕು.

5. ಕೂಗಿದಾಗ ತಿಂಡಿ ನೀಡಿದಲ್ಲಿ ಕೂಗುವುದಕ್ಕೇ ಬಹುಮಾನ ಕೊಟ್ಟಂತಾಗುತ್ತದೆ. ನೀಡುವುದನ್ನು ನಿಲ್ಲಿಸಿದಾಗ ಕೆಲವು ದಿನ ಕೂಗು ಹೆಚ್ಚಬಹುದು. ಆ ಅವಧಿಯಲ್ಲಿ ಮನೆಯವರೆಲ್ಲರೂ ಒಂದೇ ರೀತಿ ನಡೆದುಕೊಳ್ಳಬೇಕು. ಒಬ್ಬರು ನೀಡಿದರೂ ಅಭ್ಯಾಸವು ಮತ್ತಷ್ಟು ಗಟ್ಟಿಯಾಗುತ್ತದೆ.

ಮಾಡಬಾರದ ಕಾರ್ಯಗಳು

• ಬೆಕ್ಕನ್ನು ಹೊಡೆಯುವುದಾಗಲಿ, ಗೋಣಿಚೀಲದಲ್ಲಿ ಕಟ್ಟಿ ದೂರದಲ್ಲಿ ಬಿಟ್ಟುಬರುವುದಾಗಲಿ ಸಲ್ಲದು. ಪ್ರಾಣಿಗಳನ್ನು ಹೊಡೆದು ಹಿಂಸಿಸುವುದು ಹಾಗೂ ಹಸಿವು, ಬಾಯಾರಿಕೆಗಳಿಂದ ನರಳುವಂತೆ ಸಕಾರಣವಿಲ್ಲದೆ ತೊರೆಯುವುದು ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಅಧಿನಿಯಮ, 1960ರ ಕಲಂ 11ರಡಿ ಅಪರಾಧವಾಗಿರುತ್ತದೆ.

• ದನಕರುಗಳಿಗೆ ಸಿಂಪಡಿಸುವ ಅಥವಾ ನಾಯಿಗಳಿಗೆ ಹಚ್ಚುವ ಉಣುಗುನಾಶಕಗಳನ್ನು ಬೆಕ್ಕಿಗೆ ಬಳಸಬಾರದು. ಅವುಗಳಲ್ಲಿರಬಹುದಾದ ಪರ್ಮೆಥ್ರಿನ್ ಬೆಕ್ಕಿಗೆ ಪ್ರಾಣಾಂತಕ ವಿಷವಾಗಬಲ್ಲದು. ಮನುಷ್ಯರ ಮೈಗೆ ಹಚ್ಚುವ ಉಣುಗು ನಿವಾರಕ ತೈಲವನ್ನೂ ಹಚ್ಚಬಾರದು.

• ಉಣುಗುಗಳನ್ನು ಬರಿಗೈಯಿಂದ ಕೀಳಬಾರದು, ಹಿಸುಕಬಾರದು. ಕೈಗವಸು ಧರಿಸಿ ಚಿಮಟದಿಂದ ತೆಗೆಯಬೇಕು.

ವಿಶೇಷ ಸೂಚನೆ

ಬೆಕ್ಕು ಕಚ್ಚಿದಲ್ಲಿ ಅಥವಾ ಪರಚಿ ಗಾಯವಾದಲ್ಲಿ, ಗಾಯವನ್ನು ಸಾಬೂನು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆದು, ರೇಬೀಸ್ ಲಸಿಕೆಯ ಕುರಿತು ಅದೇ ದಿನ ಆರೋಗ್ಯ ಕೇಂದ್ರದಲ್ಲಿ ವಿಚಾರಿಸತಕ್ಕದ್ದು. ಕಾಡಿಗೆ ಹೋಗಿಬಂದವರಿಗೆ ಅಥವಾ ಉಣುಗು ಕಡಿದವರಿಗೆ ಹಠಾತ್ ಜ್ವರ, ತಲೆನೋವು, ಮೈಕೈ ನೋವು ಕಂಡುಬಂದಲ್ಲಿ ಮನೆಮದ್ದಿನಲ್ಲಿ ಕಾಲಹರಣ ಮಾಡದೆ ವೈದ್ಯರನ್ನು ಕಾಣಬೇಕು.

ಬೆಕ್ಕಿನ ಆರೋಗ್ಯ ತಪಾಸಣೆ, ರೇಬೀಸ್ ನಿರೋಧಕ ಲಸಿಕೆ ಹಾಗೂ ಸಂತಾನಹರಣ ಚಿಕಿತ್ಸೆಯ ಬಗ್ಗೆ ಹೆಚ್ಚಿನ ಮಾಹಿತಿಗಾಗಿ ಸಮೀಪದ ಸರ್ಕಾರಿ ಪಶುವೈದ್ಯಕೀಯ ಸಂಸ್ಥೆಯನ್ನು ಸಂಪರ್ಕಿಸಲು ಸಾರ್ವಜನಿಕರಲ್ಲಿ ಕೋರಲಾಗಿದೆ.