ಉಸಿರು ಮರೆಯುವ ಕೂಸಿಗೆ ಕೆಫೀನ್

ದಿನ ತುಂಬದೆ ಹುಟ್ಟಿದ ಕೂಸು ಕೆಲವೊಮ್ಮೆ 20 ಸೆಕೆಂಡಿಗೂ ಹೆಚ್ಚು ಕಾಲ ಉಸಿರಾಡುವುದನ್ನೇ ನಿಲ್ಲಿಸಿಬಿಡುತ್ತದೆ. ಉಸಿರಾಟ ನಡೆಸುವ ಮೆದುಳಿನ ಭಾಗ ಇನ್ನೂ ಬಲಿತಿರುವುದಿಲ್ಲ. ಅಂಗಾಲು ತಟ್ಟಿ ಎಚ್ಚರಿಸುವುದು ದಾದಿಯರ ಹಳೆಯ ಉಪಾಯ.

1940ರ ದಶಕದಲ್ಲಿ ಅಮೆರಿಕದ ವೈದ್ಯರು ಉಸಿರು ಸರಾಗವಾಗಲೆಂದು ಇಂಥ ಕೂಸುಗಳಿಗೆ ಧಾರಾಳವಾಗಿ ಆಮ್ಲಜನಕ ಕೊಟ್ಟರು. ಅದರಿಂದ ಸಾವಿರಾರು ಮಕ್ಕಳ ಕಣ್ಣು ಹೋಯಿತೆಂಬುದು 1950ರ ದಶಕದ ಪರೀಕ್ಷೆಗಳಲ್ಲಷ್ಟೇ ಖಚಿತವಾಯಿತು.

1970ರ ದಶಕದಲ್ಲಿ ಕಾಫಿಯಲ್ಲಿರುವ ಕೆಫೀನ್ ಔಷಧವಾಗಿ ಬಂತು. ಉಸಿರಾಟವೇನೋ ಚುರುಕಾಯಿತು, ಎಳೆಯ ಮೆದುಳಿಗೆ ಹಾನಿಯಾದೀತೇ ಎಂಬ ಶಂಕೆ ಮಾತ್ರ ಉಳಿಯಿತು. ಎರಡು ಸಾವಿರಕ್ಕೂ ಮಿಕ್ಕ ಕೂಸುಗಳನ್ನು ಒಳಗೊಂಡ ಅಂತರರಾಷ್ಟ್ರೀಯ ಪರೀಕ್ಷೆಯೊಂದು 2006 ಮತ್ತು 2007ರಲ್ಲಿ ಉತ್ತರ ಕೊಟ್ಟಿತು. ಕೆಫೀನ್ ಪಡೆದವರಲ್ಲಿ ಶ್ವಾಸಕೋಶದ ಕಾಯಿಲೆಯೂ ಅಂಗವೈಕಲ್ಯವೂ ಕಡಿಮೆಯಿದ್ದವು.

ಹಾಗೆಂದು ಮನೆಯ ಕಾಫಿ ಕುಡಿಸಬಾರದು. ಇದು ವೈದ್ಯರೇ ಅಳೆದು ಕೊಡುವ ಔಷಧ. ಉತ್ತರ ಸಿಗಲು ಮೂವತ್ತು ವರ್ಷ ಹಿಡಿಯಿತು. ಈ ಬಾರಿ ಶಂಕೆ ಸುಳ್ಳಾಯಿತೆಂಬುದೇ ಸಮಾಧಾನ.