ಹವ್ಯಾಸದಿಂದ ವೃತ್ತಿಗೆ: ಗುಜರಾತಿನ ನೆಲದಲ್ಲಿ ಕ್ಯಾಮೆರಾ ಹಿಡಿದವರು

ಮನೆಯಲ್ಲಿ ಹುಡುಗನೊಬ್ಬ ವಿಡಿಯೋ ಕ್ಯಾಮೆರಾ ಬೇಕೆಂದಾಗ ನಮ್ಮ ಹಿರಿಯರ ಬಾಯಿಗೆ ಮೊದಲು ಬರುವ ಗಾದೆ, ‘ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು’. ಅವರನ್ನು ತಪ್ಪೆನ್ನುವಂತಿಲ್ಲ. ಊರು ಬಿಟ್ಟು ಬಂದು ಹೋಟೆಲು, ಬ್ಯಾಂಕು, ಕಾರ್ಖಾನೆಗಳಲ್ಲಿ ದುಡಿದು ಇಲ್ಲಿ ನೆಲೆ ಕಂಡ ಸಂಸಾರಗಳಿಗೆ ತಿಂಗಳ ಸಂಬಳವೇ ದೇವರು. ಮದುವೆ-ಮುಂಜಿಯ ಚಿತ್ರ ತೆಗೆಯುವುದು ಸರಿ, ಅದನ್ನೇ ನಂಬಿ ಬಾಳುವುದುಂಟೇ? ಈ ಪ್ರಶ್ನೆಗೆ ನಾವು ಅನ್ನ ಕಂಡುಕೊಂಡ ಗುಜರಾತಿನ ಇತಿಹಾಸವೇ ಒಂದು ಉತ್ತರ ಕೊಡುತ್ತದೆ.

ಸೂರತ್ತಿಗೆ ಸಮೀಪದ ನವಸಾರಿಯಲ್ಲಿ 1913ರಲ್ಲಿ ಹುಟ್ಟಿದ ಹೋಮಾಯಿ ವ್ಯಾರವಾಲಾ ಅವರನ್ನು ನೋಡಿ. ಮುಂಬಯಿಯಲ್ಲಿ ಓದುತ್ತಿದ್ದಾಗ, ಮುಂದೆ ತಮ್ಮ ಪತಿಯಾದ ಮಾಣೆಕ್‌ಶಾ ಅವರಿಂದ ಅವರು ಛಾಯಾಗ್ರಹಣ ಕಲಿತರು. ಗೆಳತಿಯರ ವನವಿಹಾರದ ಚಿತ್ರಗಳು ಪತ್ರಿಕೆಯಲ್ಲಿ ಅಚ್ಚಾದಾಗ ಅವರಿಗೆ ದೊರೆತ ಸಂಭಾವನೆ ಚಿತ್ರಕ್ಕೆ ಒಂದು ರೂಪಾಯಿ. ಆ ರೂಪಾಯಿಯಿಂದ ಹೊರಟ ದಾರಿ ಅವರನ್ನು ಭಾರತದ ಮೊದಲ ಪತ್ರಿಕಾ ಛಾಯಾಗ್ರಾಹಕಿಯನ್ನಾಗಿ ಮಾಡಿತು. ಕೊನೆಯ ವರ್ಷಗಳನ್ನು ವಡೋದರೆಯಲ್ಲಿ ಕಳೆದ ಅವರಿಗೆ 2011ರಲ್ಲಿ ಪದ್ಮವಿಭೂಷಣ ಬಂತು. ಮರುವರ್ಷ ಅದೇ ಊರಿನಲ್ಲಿ ತೀರಿಕೊಂಡರು.

ವಡೋದರೆಯ ಇನ್ನೊಬ್ಬರು ಜ್ಯೋತಿ ಭಟ್. ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಕಲಿತ ಚಿತ್ರಕಾರರಿವರು. 1960ರ ದಶಕದಲ್ಲಿ ಜಾನಪದ ಕಲೆಯನ್ನು ಕುರಿತ ಒಂದು ಗೋಷ್ಠಿಗಾಗಿ ಗುಜರಾತಿನ ಹಳ್ಳಿಗಳ ಚಿತ್ರ ತೆಗೆಯಲು ಹೊರಟರು. ಗೋಷ್ಠಿ ಮುಗಿಯಿತು, ಕೆಲಸ ಮುಗಿಯಲಿಲ್ಲ. ಗೋಡೆಯ ಚಿತ್ತಾರ, ಅಂಗಳದ ರಂಗೋಲಿ, ಮೈಮೇಲಿನ ಹಚ್ಚೆ, ಎಲ್ಲವೂ ಮರೆಯಾಗುವ ಮುನ್ನ ದಾಖಲಾಗಬೇಕೆಂಬ ಹಂಬಲವೇ ಅವರ ಬಾಳಿನ ಕಾಯಕವಾಯಿತು.

ಚಲಿಸುವ ಚಿತ್ರದ ಕಥೆಗೆ ಬಂದರೆ ನಮ್ಮ ಕನ್ನಡನಾಡಿನ ನಂಟೂ ಸೇರಿಕೊಳ್ಳುತ್ತದೆ. ವಿಕ್ರಮ್ ಸಾರಾಭಾಯಿ ಕಂಡ ಕನಸು ಅವರು ತೀರಿಕೊಂಡ ಮೇಲೆ, 1975ರ ಆಗಸ್ಟ್ 1ರಂದು, ‘ಸೈಟ್’ ಎಂಬ ಪ್ರಯೋಗವಾಗಿ ನನಸಾಯಿತು. ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಒಂದು ವರ್ಷ ಕಾಲ ದೂರದರ್ಶನ ತಲುಪಿತು. ಅಹಮದಾಬಾದಿನ ಭೂಕೇಂದ್ರದಿಂದ ಮೇಲಕ್ಕೆ ಹೋದ ಚಿತ್ರ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಲ್ಲಿ ಇಳಿಯಿತು. ಒಂದೇ ಚಿತ್ರಕ್ಕೆ ಎರಡು ಧ್ವನಿಗಳನ್ನು ಕೂಡಿಸುವ ಏರ್ಪಾಡಿದ್ದುದರಿಂದ ತೆಲುಗಿನ ಜೊತೆಯಲ್ಲೇ ಕನ್ನಡವೂ ಕೇಳಿಸಿತು. ಹತ್ತಿರದ ಖೇಡಾ ಜಿಲ್ಲೆಯಲ್ಲಿ ಪೀಜ್ ಎಂಬ ಹಳ್ಳಿಯ ಪ್ರಸಾರ ಕೇಂದ್ರದಿಂದ ಹಳ್ಳಿಗರ ಬದುಕನ್ನೇ ಹಳ್ಳಿಗರಿಗೆ ತೋರಿಸುವ ಕಾರ್ಯಕ್ರಮಗಳು ನಡೆದವು. 1984ರಲ್ಲಿ ಅದಕ್ಕೆ ಯುನೆಸ್ಕೋದ ಪ್ರಶಸ್ತಿ ಸಂದಿತು.

ಆದರೆ ನಮ್ಮ ಮನಸ್ಸನ್ನು ಹೆಚ್ಚು ತಟ್ಟಿದ್ದು ಅದೇ 1984ರಲ್ಲಿ ಅಹಮದಾಬಾದಿನಲ್ಲಿ ನಡೆದ ಇನ್ನೊಂದು ಸಂಗತಿ. ಸೂರತ್ತಿನ ಶಾಲೆ-ಕಾಲೇಜುಗಳಲ್ಲಿ ಓದಿದ ಇಳಾ ಭಟ್ 1972ರಲ್ಲಿ ಕಟ್ಟಿದ ‘ಸೇವಾ’ ಸಂಘ, ತನ್ನ ಸದಸ್ಯೆಯರಾದ ಇಪ್ಪತ್ತು ಮಂದಿಗೆ ವಿಡಿಯೋ ತರಬೇತಿ ಕೊಡಿಸಿತು. ಕಲಿಸಲು ಅಮೆರಿಕದಿಂದ ಮಾರ್ಥಾ ಸ್ಟುವರ್ಟ್ ಬಂದರು. ಮೂರು ವಾರಗಳ ಪಾಠ. ಕಲಿತವರಲ್ಲಿ ಹಲವರಿಗೆ ಅಕ್ಷರವೇ ಬಾರದು. ಇಂಗ್ಲಿಷಿನ ಗುಂಡಿಗಳನ್ನು ಓದಿ ಅಲ್ಲ, ನೋಡಿ ಗುರುತಿಟ್ಟುಕೊಂಡರು. ಮಾಣೆಕ್ ಚೌಕದಲ್ಲಿ ತರಕಾರಿ ಮಾರುತ್ತಿದ್ದ ಒಬ್ಬ ಹೆಂಗಸು, ತಮ್ಮಂಥವರು ಬೀದಿಯಲ್ಲಿ ಕೂತು ಮಾರುವ ಹಕ್ಕಿಗಾಗಿ ನಡೆಸಿದ ಹೋರಾಟವನ್ನೇ ಚಿತ್ರಿಸಿದರು. ಎತ್ತಂಗಡಿಯ ಭಯ ಏನೆಂದು ಆಕೆಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮುಂದೆ ‘ವಿಡಿಯೋ ಸೇವಾ’ ತನ್ನ ಕಾಲ ಮೇಲೆ ನಿಂತ ಸಹಕಾರಿ ಸಂಸ್ಥೆಯಾಯಿತು.

ಇವರ ಮೊದಲ ಹೆಜ್ಜೆ ಹವ್ಯಾಸದ್ದಲ್ಲ, ಅಗತ್ಯದ್ದು ಎಂದು ವಾಚಕರು ಆಕ್ಷೇಪಿಸಬಹುದು. ನಿಜವೇ. ಆದರೆ ಈ ಎಲ್ಲರ ಕಥೆಯಲ್ಲೂ ಒಂದು ಮಾತು ಸಮಾನವಾಗಿದೆ. ವೃತ್ತಿಯಾದದ್ದು ಯಂತ್ರದ ಬೆಲೆಯಿಂದಲ್ಲ. ಹೇಳಲೇಬೇಕಾದ ಒಂದು ವಿಷಯವಿತ್ತು, ಅದು ಬೇಕಾದ ಜನರಿದ್ದರು, ಕೈ ಪಳಗುವವರೆಗೆ ಕಲಿಯುವ ತಾಳ್ಮೆಯಿತ್ತು. ಈ ಮೂರೂ ಕೂಡಿದಲ್ಲಿ ಹವ್ಯಾಸ ಅನ್ನ ಕೊಟ್ಟಿತು. ಮೂರರಲ್ಲಿ ಒಂದು ತಪ್ಪಿದರೂ ಕ್ಯಾಮೆರಾ ಬೀರುವಿನಲ್ಲೇ ಉಳಿಯಿತು.

ನಮ್ಮದೇ ಒಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಒಂದು ಕಾಲದ ರಾಜ್ಯೋತ್ಸವ, ನಾಟಕ, ಹರಿಕಥೆಗಳನ್ನು ಉತ್ಸಾಹದಿಂದ ಕ್ಯಾಸೆಟ್ಟಿಗೆ ತುಂಬಿದೆವು. ಅಟ್ಟಕ್ಕೆ ಹಾಕಿ ಮರೆತೆವು. ಇಂದು ತೆಗೆದು ನೋಡಿದರೆ ಟೇಪಿಗೆ ಬೂಷ್ಟು ಹಿಡಿದಿದೆ, ಹಾಕಿ ನೋಡಲು ಯಂತ್ರವೂ ಇಲ್ಲ. ಅದರಲ್ಲಿ ಹಾಡಿದ, ನಗಿಸಿದ ಎಷ್ಟೋ ಹಿರಿಯರು ಇಂದು ನಮ್ಮೊಂದಿಗಿಲ್ಲ. ಅವರು ಯಾವ ರೈಲಿನಲ್ಲಿ ಬಂದಿಳಿದರು, ಮೊದಲ ರಾತ್ರಿ ಎಲ್ಲಿ ಮಲಗಿದರು, ಗುಜರಾತಿ ಮಾತು ಯಾರಿಂದ ಕಲಿತರು ಎಂದು ಕೇಳಿ ಇಟ್ಟುಕೊಂಡವರು ಯಾರು?

ಆದ್ದರಿಂದ ನಮ್ಮ ವಿನಂತಿ ಇಷ್ಟೇ. ಮನೆಯ ಮಗನೋ ಮಗಳೋ ವಿಡಿಯೋ ಗೀಳು ಹಚ್ಚಿಕೊಂಡಿದ್ದರೆ ಗದರುವ ಮುನ್ನ ಒಂದು ಕೆಲಸ ಒಪ್ಪಿಸೋಣ: ಅಜ್ಜ-ಅಜ್ಜಿಯರ ಮುಂದೆ ಕೂತು ಅವರ ಮಾತನ್ನು ಪೂರ್ತಿ ದಾಖಲಿಸಲಿ, ಸಂಕಲಿಸಿ ಸಂಘದ ಸಭೆಯಲ್ಲಿ ತೋರಿಸಲಿ. ವೃತ್ತಿಗೆ ಬೇಕಾದ ತಾಳ್ಮೆ ಅವರಲ್ಲಿದೆಯೇ ಎಂಬುದು ಆಗ ತಾನಾಗಿ ತಿಳಿಯುತ್ತದೆ. ಇಲ್ಲವೆಂದೇ ತಿಳಿದರೂ ನಷ್ಟವಿಲ್ಲ. ಹಿರಿಯರ ದನಿಯಾದರೂ ನಮ್ಮ ಪಾಲಿಗೆ ಉಳಿದಿರುತ್ತದೆ.