ಪವಾಡ ಮತ್ತು ವೈದ್ಯರ ಕಡತ

ಕ್ರೈಸ್ತ ಧರ್ಮದ ಪವಾಡಗಳನ್ನು ಪ್ರಶ್ನಿಸಿದವರೆಲ್ಲ ನಾಸ್ತಿಕರು ಎಂದುಕೊಂಡರೆ ಈ ವಾದದ ಚರಿತ್ರೆಯಲ್ಲಿ ಅರ್ಧದಷ್ಟೇ ಕಾಣುತ್ತದೆ. ಪ್ರಕೃತಿಯ ನಿಯಮ ಮುರಿಯಿತು ಎನ್ನುವುದಕ್ಕಿಂತ ಸಾಕ್ಷಿ ಹೇಳಿದವರು ತಪ್ಪಿದರು ಎನ್ನುವುದೇ ನಂಬಲು ಸುಲಭ ಎಂದು 1748ರಲ್ಲಿ ವಾದಿಸಿದ ಡೇವಿಡ್ ಹ್ಯೂಮ್ ಹೊರಗಿನವರೇ ಸರಿ. ಆದರೆ 1835ರಲ್ಲಿ ಯೇಸುವಿನ ಪವಾಡಗಳನ್ನು ಪುರಾಣವೆಂದು ಓದಿ ಟ್ಯೂಬಿಂಗನ್‌ನ ಹುದ್ದೆ ಕಳೆದುಕೊಂಡ ಡೇವಿಡ್ ಸ್ಟ್ರಾಸ್ ದೈವಶಾಸ್ತ್ರದ ಬೋಧಕರು. ವಿದ್ಯುದ್ದೀಪ, ರೇಡಿಯೋ ಬಳಸುತ್ತಲೇ ದೆವ್ವ-ಪವಾಡಗಳ ಲೋಕವನ್ನು ಹಾಗೆಯೇ ನಂಬಲಾಗದು ಎಂದು 1941ರಲ್ಲಿ ಹೇಳಿದ ರುಡಾಲ್ಫ್ ಬುಲ್ಟ್‌ಮನ್ ಲೂಥರನ್ ಸಭೆಯವರು. ಸಿ.ಎಸ್. ಲೂಯಿಸ್ 1947ರಲ್ಲಿ ಪವಾಡಗಳ ಪರವಾಗಿ ಪುಸ್ತಕ ಬರೆದರೆ, ಮರುವರ್ಷ ಆಕ್ಸ್‌ಫರ್ಡ್‌ನಲ್ಲಿ ಅದರ ತರ್ಕದ ಬಿರುಕು ಎತ್ತಿ ತೋರಿಸಿದ ಎಲಿಜಬೆತ್ ಆನ್ಸ್‌ಕೂಂಬ್ ಕಟ್ಟಾ ಕ್ಯಾಥೊಲಿಕ್. ಲೂಯಿಸ್ ಆ ಅಧ್ಯಾಯವನ್ನು 1960ರ ಮುದ್ರಣಕ್ಕೆ ತಿದ್ದಿ ಬರೆಯಬೇಕಾಯಿತು.

ಈ ಪಂಡಿತರ ಜಗಳಕ್ಕಿಂತ ಕುತೂಹಲದ ಸಂಗತಿ ಲೂರ್ದಿನದು. 1858ರಲ್ಲಿ ಫ್ರಾನ್ಸಿನ ಈ ಊರಿನ ಗವಿಯಲ್ಲಿ ಮಾತೆ ಮರಿಯಮ್ಮನವರು ಬೆರ್ನಾದೆತ್ ಎಂಬ ಬಡ ಹುಡುಗಿಗೆ 18 ಬಾರಿ ಕಾಣಿಸಿಕೊಂಡರೆಂಬುದು ಭಕ್ತರ ನಂಬಿಕೆ. 1862ರಲ್ಲಿ ಬಿಷಪ್ ಒಮ್ಮೆಗೇ ಏಳು ಪ್ರಕರಣಗಳನ್ನು ಪವಾಡವೆಂದು ಸಾರಿದ್ದರು. 1883ರಲ್ಲಿ ಅಲ್ಲೊಂದು ವೈದ್ಯಕೀಯ ಕಚೇರಿ ಶುರುವಾಯಿತು. ಬರಬರುತ್ತಾ ಜರಡಿಯ ಕಣ್ಣು ಸಣ್ಣದಾಯಿತು. ಕಾಯಿಲೆ ಗಂಭೀರವಾಗಿರಬೇಕು, ಔಷಧಿಯಿಂದ ವಾಸಿಯಾಗಿರಬಾರದು, ದಿಢೀರನೆ ಪೂರ್ತಿ ಗುಣವಾಗಬೇಕು, ಮತ್ತೆ ಮರುಕಳಿಸಬಾರದು. ಮುಂದೆ 14ನೇ ಬೆನೆಡಿಕ್ಟ್ ಎಂಬ ಹೆಸರಿನಲ್ಲಿ ಪೋಪ್ ಆದ ಲಾಂಬರ್ತೀನಿ 18ನೇ ಶತಮಾನದಲ್ಲೇ ಹಾಕಿಕೊಟ್ಟ ಕಟ್ಟಳೆಗಳಿವು. ವೈದ್ಯರು ‘ಇಂದಿನ ತಿಳಿವಳಿಕೆಗೆ ನಿಲುಕದ್ದು’ ಎಂದಷ್ಟೇ ಹೇಳುತ್ತಾರೆ. ಪವಾಡವೆನ್ನುವ ಅಧಿಕಾರ ರೋಗಿಯ ಊರಿನ ಬಿಷಪ್ಪರದು. ಏಳು ಸಾವಿರಕ್ಕೂ ಹೆಚ್ಚು ಪ್ರಕರಣಗಳು ದಾಖಲಾಗಿದ್ದರೂ 2025ರವರೆಗೆ ಮನ್ನಣೆ ಸಿಕ್ಕಿದ್ದು 72ಕ್ಕೆ. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡಿದ್ದ ಲಿವರ್‌ಪೂಲ್‌ನ ಜಾನ್ ಟ್ರೇನರ್ ಅಲ್ಲಿಗೆ ಹೋಗಿ ಬಂದದ್ದು 1923ರಲ್ಲಿ, ಮನ್ನಣೆ ಬಂದದ್ದು 2024ರಲ್ಲಿ. ನಮ್ಮ ತಾಲ್ಲೂಕು ಕಚೇರಿಯ ಕಡತಗಳೂ ಇಷ್ಟು ನಿಧಾನವಲ್ಲ!

ಪ್ರಾಟೆಸ್ಟಂಟರಲ್ಲಿ ಇಂಥ ಕಚೇರಿಯಿಲ್ಲ. ಪವಾಡಗಳ ವರ ಅಪೊಸ್ತಲರ ಕಾಲಕ್ಕೇ ಮುಗಿಯಿತೆಂದು ಪ್ರಿನ್ಸ್‌ಟನ್‌ನ ಬಿ.ಬಿ. ವಾರ್ಫೀಲ್ಡ್ 1918ರಲ್ಲಿ ಪುಸ್ತಕವನ್ನೇ ಬರೆದರು. ಆದರೆ 1906ರಲ್ಲೇ ಲಾಸ್ ಏಂಜಲಿಸ್‌ನ ಅಜೂಸಾ ಬೀದಿಯಲ್ಲಿ, ಗುಲಾಮರಾಗಿದ್ದ ತಂದೆತಾಯಿಯ ಮಗ ವಿಲಿಯಂ ಸೇಮೂರ್ ನಡೆಸಿದ ಕೂಟಗಳಲ್ಲಿ ಜನ ಅನ್ಯಭಾಷೆಗಳಲ್ಲಿ ಮಾತನಾಡಿದ್ದರು. ಪೆಂಟೆಕೋಸ್ಟ್ ಚಳವಳಿಯ ತವರು ಅದೇ ಎಂದು ಹೇಳುವ ರೂಢಿಯಿದೆ. ಅದಕ್ಕೂ ಒಂದು ವರ್ಷ ಮೊದಲು ಪುಣೆ ಬಳಿಯ ಕೇಡಗಾಂವ್‌ನ ಮುಕ್ತಿ ಮಿಷನ್ನಿನಲ್ಲಿ ಎಳೆಯ ವಿಧವೆಯರು, ಬರಗಾಲದ ಅನಾಥೆಯರು ಅಳುತ್ತ ನಡುಗುತ್ತ ಪ್ರಾರ್ಥಿಸತೊಡಗಿದ್ದರು ಎಂಬುದನ್ನು ಮರೆಯುತ್ತಾರೆ. ಆ ಆಶ್ರಮ ಕಟ್ಟಿದವರು ನಮ್ಮ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ. ಹೊರಗಿನ ಕೆಲವರಿಗೆ ಇದು ಅತಿರೇಕವೆನಿಸಿತು, ರಮಾಬಾಯಿ ತಡೆಯಲಿಲ್ಲ. ಪವಿತ್ರಾತ್ಮನ ಕೆಲಸ ಪಾಶ್ಚಾತ್ಯರ ಶಿಷ್ಟಾಚಾರಕ್ಕೆ ಒಗ್ಗಿಯೇ ನಡೆಯಬೇಕೆಂಬ ನಿಯಮವಿಲ್ಲ ಎಂಬುದು ಅವರ ನಿಲುವು. ಸಹೋದ್ಯೋಗಿ ಮಿನ್ನಿ ಏಬ್ರಾಮ್ಸ್ ಬರೆದ ಹೊತ್ತಗೆ ಚಿಲಿ ದೇಶ ತಲುಪಿ, 1909ರಲ್ಲಿ ಅಲ್ಲಿ ಎದ್ದ ಉಜ್ಜೀವನಕ್ಕೂ ಪ್ರೇರಣೆಯಾಯಿತು. ರಮಾಬಾಯಿಯವರನ್ನು ಸಮಾಜ ಸುಧಾರಕಿಯೆಂದಷ್ಟೇ ಪರಿಚಯಿಸುವ ನಮ್ಮ ಪಠ್ಯಗಳು ಈ ಮುಖವನ್ನು ಬಿಟ್ಟೇ ಬಿಡುತ್ತವೆ.

ಪರೀಕ್ಷೆಯಿಲ್ಲದ ಕಡೆ ವಂಚಕರೂ ಸೇರಿಕೊಂಡರು. ದೇವರೇ ತನಗೆ ರೋಗಿಗಳ ವಿವರ ತಿಳಿಸುತ್ತಾನೆ ಎನ್ನುತ್ತಿದ್ದ ಅಮೆರಿಕದ ಬೋಧಕ ಪೀಟರ್ ಪಾಪಾಫ್ ಕಿವಿಗೆ ಹೆಂಡತಿ ರೇಡಿಯೋದಲ್ಲಿ ಉಸುರುತ್ತಿದ್ದುದನ್ನು ಜಾದೂಗಾರ ಜೇಮ್ಸ್ ರ‍್ಯಾಂಡಿ 1986ರಲ್ಲಿ ಬಯಲಿಗೆಳೆದರು. ಪ್ರಾಮಾಣಿಕ ಪರೀಕ್ಷೆಯ ಫಲವೂ ಹಿತವಾಗಿರಲಿಲ್ಲ. 1,802 ಬೈಪಾಸ್ ರೋಗಿಗಳ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಅವರಿಗಾಗಿ ಬೇರೆಯವರು ಮಾಡಿದ ಪ್ರಾರ್ಥನೆಯಿಂದ ಪ್ರಯೋಜನ ಕಾಣಲಿಲ್ಲ. ತಮಗಾಗಿ ಪ್ರಾರ್ಥನೆ ನಡೆದಿದೆಯೆಂದು ಖಚಿತವಾಗಿ ಗೊತ್ತಿದ್ದವರಲ್ಲೇ ತೊಡಕುಗಳು ಹೆಚ್ಚು, ಶೇ 59. ದೇವರನ್ನು ಹೀಗೆ ಪರೀಕ್ಷೆಗೆ ಒಡ್ಡುವುದೇ ತಪ್ಪು ಎಂದವರ ಮಾತು ನನಗೂ ಒಪ್ಪಿಗೆ. ಆದರೆ ಅಂಕಿ ಅನುಕೂಲವಾಗಿ ಬಂದಿದ್ದರೆ ಅದನ್ನೇ ಸಭೆಗಳಲ್ಲಿ ಸಾರುವವರಿಗೆ ಕೊರತೆ ಇರುತ್ತಿರಲಿಲ್ಲ.

2024ರ ಮೇ ತಿಂಗಳಲ್ಲಿ ವ್ಯಾಟಿಕನ್ ದರ್ಶನಗಳ ಪರಿಶೀಲನೆಗಿದ್ದ ತನ್ನ 1978ರ ನಿಯಮಗಳನ್ನು ಬದಲಿಸಿತು. ದರ್ಶನವೊಂದನ್ನು ದೈವಿಕವೆಂದು ಬಿಷಪ್ಪರು ಇನ್ನು ಘೋಷಿಸುವಂತಿಲ್ಲ. ಹೆಚ್ಚೆಂದರೆ ಭಕ್ತಿಗೆ ಅಡ್ಡಿಯಿಲ್ಲ ಎನ್ನಬಹುದು. 1981ರಿಂದ ದರ್ಶನಗಳ ಸುದ್ದಿಯಿರುವ ಬೋಸ್ನಿಯಾದ ಮೆಜುಗೋರ್ಯೆಗೆ ಅದೇ ಸೆಪ್ಟೆಂಬರ್‌ನಲ್ಲಿ ಸಿಕ್ಕಿದ್ದೂ ಈ ಒಪ್ಪಿಗೆಯೇ. ಯಾತ್ರಿಕರು ಹೋಗಬಹುದು, ಪ್ರಾರ್ಥಿಸಬಹುದು. ಮಾತೆ ಅಲ್ಲಿ ನಿಜಕ್ಕೂ ಕಾಣಿಸಿಕೊಂಡರೇ ಎಂಬುದರ ಮೇಲೆ ಧರ್ಮಸಭೆ ತೀರ್ಪು ಕೊಟ್ಟಿಲ್ಲ.